ಬಾಲವಿಲ್ಲದ ಚಿಂದಿ

"ನಿಧಾನಪ್ಪಾ, ನಿಧಾನ. ನೀ ತೆಂಗಿನಕಾಯಿ ಒಡಿಯಲತ್ತಿಲ್ಲ."

ಪೇದೆ ನನ್ನನ್ನು ಕೆಕ್ಕರಿಸಿ ನೋಡಿ ಕಬ್ಬಿಣದ ಸಳಾಕಿಯನ್ನು ಇನ್ನೊಮ್ಮೆ ಒತ್ತಿದ. ಜಜ್ಜಿಹೋದ ಬಾನೆಟ್ ಕಿರ್ರೆಂದು ಅರ್ಧ ಎದ್ದು ನಿಂತಿತು. ಠಾಣೆಯ ಅಂಗಳದ ಬೇವಿನ ನೆರಳು ಆಗಲೇ ಗೋಡೆಯ ಕಡೆ ಸರಿದಿತ್ತು. ಬೀದರದ ಬಿಸಿಲು ನೇರವಾಗಿ ನನ್ನ ಬೋಳು ತಲೆಯ ಮೇಲೆ. ಅರವತ್ತೊಂದಾದವನು ಈ ಹೊತ್ತಿನಲ್ಲಿ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿರಬೇಕು. ನಾನು ಸತ್ತ ಕಾರಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ನಿಂತಿದ್ದೆ.

ಸತ್ತದ್ದು ಕಾರೊಂದೇ ಆಗಿದ್ದರೆ ನನಗೇನೂ ಸಂಕಟವಿರಲಿಲ್ಲ.

ಕಳೆದ ಶುಕ್ರವಾರ ಮಧ್ಯಾಹ್ನ ಎರಡರ ಸುಮಾರಿಗೆ ಭಾಲ್ಕಿಯಿಂದ ಔರಾದಿಗೆ ಹೊರಟಿದ್ದ ಈ ಕಾರು, ಮಾಂಜ್ರಾ ಸೇತುವೆ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿ, ನಡುದಾರಿಯಲ್ಲೇ ಶಕ್ತಿ ಕಳೆದುಕೊಂಡು, ಎದುರು ಬಂದ ಲಾರಿಗೆ ಸಿಕ್ಕಿತ್ತು. ಓಡಿಸುತ್ತಿದ್ದ ಪಶುವೈದ್ಯ ಕುಣಾಲ ಅಲ್ಲೇ ಹೋದ. ಮೂವತ್ತೆರಡು ವರ್ಷ. ಟ್ರ್ಯಾಕ್ಟರಿನವನ ಹೇಳಿಕೆಯ ಪ್ರತಿ ನನ್ನ ಕಿಸೆಯಲ್ಲಿತ್ತು. "ಗಾಡಿ ನನ್ನ ಬಾಜೂಕ ಬಂತ್ರಿ. ಫಕ್ಕನ ಕರಿ ಹೊಗಿ ಉಗುಳ್ತು. ಆಮ್ಯಾಲ ಮುಂದೂ ಹೋಗವಲ್ದು, ಹಿಂದೂ ಬರವಲ್ದು. ಡಾಕ್ಟರ್ ಸಾಹೇಬ್ರು ಒಮ್ಮಿ ನನ್ನ ಕಡಿ ನೋಡಿದ್ರು."

ಆ ಕೊನೆಯ ಮಾತನ್ನು ನಾನು ಎರಡನೇ ಸಲ ಓದಿರಲಿಲ್ಲ.

ನಾನು ಪಂಢರಿ. ಮೂವತ್ತು ವರ್ಷ ಸಾರಿಗೆ ಇಲಾಖೆಯಲ್ಲಿ ವಾಹನ ತಪಾಸಣೆ ಮಾಡಿ ನಿವೃತ್ತನಾದವನು. ಈಗ ಅಪಘಾತವಾದ ಗಾಡಿ ನೋಡಿ, ಯಾಕಾಯಿತು ಎಂದು ವಿಮೆಯವರಿಗೂ ಪೊಲೀಸರಿಗೂ ವರದಿ ಬರೆದುಕೊಡುತ್ತೇನೆ. ಕುಣಾಲ ನಮ್ಮೂರು ಮೆಹಕರದ ಕೂಸು. ಅವನ ತಾಯಿ ಕಾಂತಾಬಾಯಿ ನನ್ನ ಜೊತೆ ಶಾಲೆ ಕಲಿತವಳು, ನನ್ನನ್ನು ಅಣ್ಣಾ ಎನ್ನುವವಳು. "ಗಾಡಿಗಿ ದಮ್ಮಿಲ್ಲ ಕಾಕಾ, ಏರು ಬಂದ್ರ ಒದ್ದಾಡ್ತದ" ಎಂದು ಅವನು ಕೇಳಿದಾಗ, "ಬೀದರದಾಗ ಲಾಲ ಅಹ್ಮದನ ಹತ್ರ ಹೋಗು, ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ" ಎಂದವನು ನಾನೇ. ಮಂಗಳವಾರ ಹೋದ. ಶುಕ್ರವಾರ ಸತ್ತ.

ಲಾಲ ಅಹ್ಮದ ಈಗ ಇದೇ ಠಾಣೆಯ ಲಾಕಪ್ಪಿನಲ್ಲಿದ್ದ. ನಾನು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ. ಮಂಗಳವಾರ ಗ್ಯಾರೇಜಿನಲ್ಲಿ ಇಬ್ಬರಿಗೂ ಜೋರು ಮಾತಾಗಿತ್ತೆಂದು ಪಕ್ಕದ ಚಹದಂಗಡಿಯ ಅಯ್ಯುಬ ಹೇಳಿಕೆ ಕೊಟ್ಟಿದ್ದ. "ನಿಮಗ ಕಣ್ಣು ಕಾಣೂದಿಲ್ಲ" ಎಂದು ಕುಣಾಲ ಅಂದನಂತೆ, "ಹಂಗಾದ್ರ ಬ್ಯಾರೆ ಕಡಿ ಒಯ್ಯಿ" ಎಂದು ಇವನು ಅಂದನಂತೆ. ಹಿಡಿದು ತಂದ ಮೊದಲ ಗಂಟೆಯಲ್ಲೇ ಲಾಲ ಅಹ್ಮದ "ತಪ್ಪು ನಂದೇ" ಎಂದು ಬರೆದುಕೊಟ್ಟಿದ್ದ. ನಾಳೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯುವವರಿದ್ದರು. ಇದು ಕೈತಪ್ಪಿನಿಂದಾದ ಸಾವೋ, ಬೇಕೆಂದೇ ಮಾಡಿದ ಕೊಲೆಯೋ ಎನ್ನುವುದು ನನ್ನ ವರದಿಯ ಮೇಲೆ ನಿಂತಿತ್ತು.

ಲಾರಿ ಬಡಿದದ್ದು ಬಲ ಮೂಲೆಗೆ. ಎಂಜಿನ್ನಿನ ಎಡಭಾಗ ಹೆಚ್ಚು ಕಡಿಮೆ ಉಳಿದಿತ್ತು. ನಾನು ಬೇರೆ ಬ್ಯಾಟರಿ ಹಚ್ಚಿ, ಸ್ಕ್ಯಾನರ್ ಚುಚ್ಚಿ, ಕಾರಿನ ನೆನಪು ಓದಿದೆ. ಒಂದೇ ಒಂದು ದೋಷ ದಾಖಲಾಗಿತ್ತು. ಗಂಟೆಗೆ ಎಪ್ಪತ್ನಾಲ್ಕು ಕಿಲೋಮೀಟರ್ ವೇಗದಲ್ಲಿ ಟರ್ಬೊದ ಗಾಳಿಯ ಒತ್ತಡ ಬಿದ್ದುಹೋಗಿದೆ. ಅದಕ್ಕೂ ಮೊದಲು ಏನೂ ಇಲ್ಲ.

ಟರ್ಬೊ ಎಂಜಿನ್ ಒಮ್ಮೆಲೇ ದಮ್ಮು ಕಳೆದುಕೊಂಡರೆ ಗಾಳಿಯ ದಾರಿ ಹಿಡಿದು ಹೋಗಬೇಕು. ಹೊರಗೆ ಹೋಗುವ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಆ ಗಾಳಿ ಎಲ್ಲಾದರೂ ಸೋರಬೇಕು, ಇಲ್ಲವೇ ಎಲ್ಲಾದರೂ ಕಟ್ಟಬೇಕು. ಆಗ ಡೀಸೆಲ್ ಅರೆಬರೆ ಸುಟ್ಟು ಕರಿ ಹೊಗೆಯಾಗುತ್ತದೆ, ಕಾರು ಗಳಿಗೆಯಲ್ಲಿ ಎತ್ತಿನ ಬಂಡಿಯಾಗುತ್ತದೆ.

ಮೊದಲು ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳು. ಬೆರಳಿನಿಂದ ಸುತ್ತ ಸವರಿದೆ. ಎಲ್ಲೂ ಬಿರುಕಿಲ್ಲ, ಕ್ಲ್ಯಾಂಪುಗಳು ಬಿಗಿ. ಟರ್ಬೊದ ಒತ್ತಡ ಹಿಡಿದಿಡುವ ಸರಳನ್ನು ಎಳೆದು ನೋಡಿದೆ. ಸಲೀಸಾಗಿ ಸರಿಯಿತು. ಗಾಳಿ ಸೋಸುವ ಫಿಲ್ಟರ್ ಹೊಸದು, ಬಿಳಿ. ಒಂದೊಂದನ್ನೂ ಮುಟ್ಟಿದಾಗ ಎದೆಯ ಭಾರ ಒಂದಿಷ್ಟು ಇಳಿಯುತ್ತ ಬಂತು. ಎಲ್ಲ ಲಾಲ ಅಹ್ಮದನ ಕೈಕೆಲಸ, ಎಲ್ಲ ಚೊಕ್ಕ.

ಉಳಿದದ್ದು ಫಿಲ್ಟರಿನಿಂದ ಟರ್ಬೊಗೆ ಇಳಿಯುವ ಒಂದು ಪೈಪು. ಅದರ ಮೇಲ್ತುದಿಯ ಕ್ಲ್ಯಾಂಪ್ ಮಾತ್ರ ಹೊಚ್ಚ ಹೊಸದಿತ್ತು. ಸಡಿಲಿಸಿ, ಪೈಪು ಕಿತ್ತು, ಮೊಣಕೈಯಂಥ ಬಾಗಿನೊಳಗೆ ಎರಡು ಬೆರಳು ಇಳಿಸಿದೆ.

ಮೆತ್ತಗೆ ಏನೋ ತಾಕಿತು.

ಎಳೆದೆ. ಬರಲಿಲ್ಲ. ಇಕ್ಕುಳ ಹಾಕಿ ಎಳೆದೆ. ಅಂಗೈಯಗಲದ ಚೌಕಳಿ ಲುಂಗಿಯ ಚಿಂದಿ. ಎಣ್ಣೆ ಕುಡಿದು ಕಪ್ಪಾಗಿತ್ತು. ಒಂದು ಅಂಚನ್ನು ಟರ್ಬೊದ ಚಕ್ರ ತಿಂದು ದಾರದಾರ ಮಾಡಿತ್ತು.

ಗಾಡಿ ಬಿಚ್ಚಿದಾಗ ಒಳಗೆ ನಟ್ಟು ಬೋಲ್ಟು ಬೀಳಬಾರದೆಂದು ಮೆಕ್ಯಾನಿಕರು ತೆರೆದ ಪೈಪಿಗೆ ಚಿಂದಿ ತುರುಕುತ್ತಾರೆ. ಮುಚ್ಚುವ ಮೊದಲು ತೆಗೆಯಬೇಕು. ತೆಗೆಯುವುದನ್ನು ಮರೆತರೆ ಇದು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಪ್ಯಾಂಟು ಧೂಳಾಯಿತು, ಆಗಲಿ.

"ಸಿಕ್ತಲ್ಲ ಸರ್!"

ಇನ್ಸ್‌ಪೆಕ್ಟರ್ ಅಮಿತಕುಮಾರ ಬಂದು ಹಿಂದೆ ನಿಂತಿದ್ದ. ಒಳ್ಳೆಯ ಮನುಷ್ಯ, ವಯಸ್ಸು ಕಡಿಮೆ, ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಮುದುಕ ಚಿಂದಿ ಮರತಾನ. ಅಲ್ರಿ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷದ ಅನುಭವ ಒಳಗೆ ಕುಳಿತು ಕಚಗುಳಿ ಇಡುತ್ತದೆ ನೋಡಿ.

"ಅಲ್ಲ" ಎಂದೆ. "ಇದು ಫಿಲ್ಟರ್ ದಾಟಿದ ಮ್ಯಾಲ ಸಿಕ್ಕದ. ಮಂಗಳವಾರ ಮರತಿದ್ರ ಬುಧವಾರ ಮುಂಜಾನೇ ಗಾಡಿ ಸಾಯ್ಬೇಕಿತ್ತು. ಬುಧವಾರ, ಗುರುವಾರ ಎರಡೂ ದಿನ ಕುಣಾಲ ಔರಾದಕ್ಕ ಹೋಗಿ ಬಂದಾನ. ಇದು ಪೈಪಿನ ಜಿಡ್ಡಿಗಿ ಅಂಟಿಕೊಂಡು ಅರ್ಧ ಗಂಟೆ ಮೋಸ ಮಾಡಬಹುದು. ಆಮ್ಯಾಲ ಎಕ್ಸಿಲೇಟರ್ ಪೂರಾ ಒತ್ತಿದ್ರ ಟರ್ಬೊ ಜಗ್ಗೊಂಡೇ ಬಿಡ್ತದ. ಮೂರು ದಿನ ಕಾಯೂದಿಲ್ಲ."

"ಅಂದ್ರ?"

"ಮಂಗಳವಾರ ಮರತಿದ್ದಲ್ಲ. ಶುಕ್ರವಾರ ತುರುಕಿದ್ದು."

ಅಮಿತಕುಮಾರ ಡೈರಿ ತೆಗೆದು ನನ್ನ ಮಾತನ್ನು ಹಾಗೆಯೇ ಬರೆದುಕೊಂಡ. ಲಾಲ ಅಹ್ಮದನನ್ನು ಉಳಿಸಿದೆ ಎಂದುಕೊಂಡು ನಾನು ಎದ್ದು ಪ್ಯಾಂಟು ಝಾಡಿಸಿದೆ.

ಜೇಬಿನಲ್ಲಿ ಫೋನು ನಡುಗಿತು. ಕಾಂತಾಬಾಯಿ.

"ಅಣ್ಣಾ, ಏನರೆ ತಿಳೀತೇನು?"

"ನೋಡ್ಲತ್ತೀನಿ ಕಾಂತಾ."

"ನೀ ಹೇಳಿದಿ ಅಂತ ಅವ ಅಲ್ಲಿಗಿ ಹೋದ." ಬೈಗುಳವಲ್ಲ ಅದು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ನನಗ ರೊಕ್ಕ ಬ್ಯಾಡ, ಪರಿಹಾರ ಬ್ಯಾಡ. ಯಾರು ಮಾಡ್ಯಾರ ಅಂತ ಒಂದು ಹೆಸರು ಹೇಳು. ಅಷ್ಟಾದ್ರ ನಾ ಮಲಗ್ತೇನಿ."

ಫೋನು ಕಿಸೆಗೆ ಹಾಕಿಕೊಂಡು, ಚಿಂದಿಯಿದ್ದ ಪ್ಲಾಸ್ಟಿಕ್ ಚೀಲ ಹಿಡಿದು ಲಾಕಪ್ಪಿನ ಕಡೆ ನಡೆದೆ.

ಲಾಲ ಅಹ್ಮದ ಗೋಡೆಗೊರಗಿ ಕುಳಿತಿದ್ದ. ನಾಲ್ಕು ದಿನದಲ್ಲಿ ಗಡ್ಡದ ಮೆಹೆಂದಿ ಬಣ್ಣ ಬುಡದಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲು ಹೋದ, ಅರ್ಧಕ್ಕೆ ಮಂಡಿ ಹಿಡಿದುಕೊಂಡ.

"ಕೂಡು" ಎಂದು ನಾನೇ ಸರಳಿನ ಹೊರಗೆ ನೆಲಕ್ಕೆ ಕೂತೆ. ಚೀಲ ಎತ್ತಿ ಹಿಡಿದೆ. "ಪೈಪಿನಾಗ ಸಿಕ್ತು."

ಅವನು ಅರೆಗಳಿಗೆ ನೋಡಿದ. "ನಂದೇ ಅದ."

"ಪೂರಾ ನೋಡು."

"ನೋಡೀನ್ರಿ. ನಂದೇ."

"ನಿಂದಾದ್ರ ಬಾಲ ಎಲ್ಲಿ?"

ಲಾಲ ಅಹ್ಮದ ಚೀಲದಿಂದ ಕಣ್ಣು ತೆಗೆದ.

ಬೀದರದಲ್ಲಿ ಗಾಡಿ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹರೆಯದಲ್ಲಿ ಲಾಲ ಅಹ್ಮದ ಒಮ್ಮೆ ಲಾರಿಯ ಪೈಪಿನಲ್ಲಿ ಚಿಂದಿ ಮರೆತು ಎಂಜಿನ್ ಕೆಡಿಸಿದ್ದ. ಅವನ ಉಸ್ತಾದ ಅಬ್ದುಲ ಮಜೀದ ಬಡಿಯಲಿಲ್ಲ, ಬೈಯಲಿಲ್ಲ. ಕೆಂಪು ನೂಲಿನ ಉಂಡೆಯೊಂದನ್ನು ಕೈಗೆ ಕೊಟ್ಟನಂತೆ. ಅಂದಿನಿಂದ ಇವನ ಗ್ಯಾರೇಜಿನ ಪ್ರತಿ ಚಿಂದಿಗೂ ಗೇಣುದ್ದದ ಕೆಂಪು ನೂಲಿನ ಬಾಲ. ಚಿಂದಿ ಒಳಗೆ, ಬಾಲ ಹೊರಗೆ. ಮುಚ್ಚುವವನ ಕಣ್ಣಿಗೆ ಅದು ಬೀಳಲೇಬೇಕು. ನಾವೆಲ್ಲ "ಲಾಲ ಅಹ್ಮದನ ಇಲಿಗಳು" ಎಂದು ನಗುತ್ತಿದ್ದೆವು.

"ನೂಲು ಹರದು ಬಿದ್ದಿರಬೇಕ್ರಿ" ಎಂದ.

"ಗಂಟು ಹಾಕಿದ ಗುರುತಿಲ್ಲ, ತೂತಿಲ್ಲ. ಇದಕ್ಕ ನೂಲು ಎಂದೂ ಕಟ್ಟೇ ಇಲ್ಲ. ಮತ್ತ ಮಂಗಳವಾರ ಮರತದ್ದು ಶುಕ್ರವಾರದ ತನಕ ಕಾಯ್ಕೋತ ಕೂಡ್ತದೇನು? ನನಗ ಕಲಸ್ತಿಯೇನು?"

"ಪಂಢರಿಭಾಯ್, ಮುದುಕ ಆಗೀನಿ. ಕಣ್ಣು ಮಂಜಾಗ್ಯಾವ. ಆ ಕೂಸು ಖರೇನೇ ಅಂದಿತ್ತು."

"ಕುಣಾಲನ ಫೋನಿನಾಗ ಅದ, ಶುಕ್ರವಾರ ಹನ್ನೆರಡು ನಲವತ್ತಕ್ಕ ನಿನಗ ಫೋನ್ ಮಾಡ್ಯಾನ. ಏನಂದ?"

"ಇಂಜನ್ನಿನಾಗ ಸೀಟಿ ಹೊಡದಂಗ ಆವಾಜ ಬರ್ತದ ಅಂದ. ಮಂಗಳವಾರ ಸಿಟ್ಟು ಮಾಡೀನಿ, ಮಾಫ್ ಮಾಡ್ರಿ ಚಾಚಾ ಅಂದ."

"ನೀ ಏನಂದಿ?"

"ಬೀದರಕ್ಕ ತಗೊಂಡು ಬಾ ಅಂದೆ."

"ಸುಳ್ಳು. ಅವ ಬೀದರಕ್ಕ ಬರಲಿಲ್ಲ. ಅಷ್ಟೊತ್ತಿಗಿ ಭಾಲ್ಕಿಯಾಗಿದ್ದ, ಒಂದೂ ಮುಕ್ಕಾಲಿಗಿ ಅಲ್ಲಿಂದಾನೇ ಔರಾದಕ್ಕ ಹೊಂಟ. ಗಂಟೆ ಭರ ಭಾಲ್ಕಿಯಾಗ ಎಲ್ಲಿದ್ದ? ಗಾಡಿ ಯಾರು ಬಿಚ್ಚಿದ್ರು?"

ಭಾಲ್ಕಿ ಎಂದು ನಾನು ಎರಡನೇ ಸಲ ಅಂದಾಗ ಅವನ ಕೈ ಸರಳನ್ನು ಬಿಗಿಯಾಗಿ ಹಿಡಿಯಿತು. ಆಗ ನನ್ನ ತಲೆಗೆ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು, ಎಂಟು ತಿಂಗಳ ಹಿಂದೆ ಅದೇ ಭಾಲ್ಕಿಯ ಮದುವೆಯಲ್ಲಿ ಪಂಕ್ತಿಗೆ ಕೂತು ಬಿರಿಯಾನಿ ಉಂಡು ಬಂದವನು ನಾನು. ಲಾಲ ಅಹ್ಮದನ ಕೈಕೆಳಗೆ ಕಲಿತು, ಅವನ ಒಬ್ಬಳೇ ಮಗಳನ್ನು ಮದುವೆಯಾಗಿ, ಭಾಲ್ಕಿಯಲ್ಲಿ ಸ್ವಂತ ಗ್ಯಾರೇಜು ಹಾಕಿದವನೊಬ್ಬನಿದ್ದ.

"ಮುಸ್ತಕೀಮ..." ಎಂದೆ.

ಲಾಲ ಅಹ್ಮದ ಸರಳಿನ ಸಂದಿಯಿಂದ ಕೈ ಚಾಚಿ ನನ್ನ ಬಾಯಿ ಮುಚ್ಚಿದ. ನಾಲ್ಕು ದಿನ ಸೋಪು ಕಂಡರೂ ಗ್ರೀಸಿನ ವಾಸನೆ ಹೋಗದ ಕೈ ಅದು.

"ಆ ಹೆಸರು ತಗೀಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ." ಪಿಸುಗುಡುತ್ತಿದ್ದ. "ನಾನೇ ಅಲ್ಲಿಗಿ ಕಳಸೀನಿ. ಅಂದ ಮ್ಯಾಲ ನಂದೇ ತಪ್ಪಲ್ಲ? ನನ್ನ ಹೆಂಡತಿ ಹೋಗಿ ಆರು ವರ್ಷ ಆತು. ನನಗ ಅರವತ್ತು. ಜೈಲಿನಾಗ ಎರಡು ರೊಟ್ಟಿ ತಿಂದು ಬಿದ್ದಿರ್ತೇನಿ. ನನ್ನ ರುಖ್ಸಾರಗ ಆಗಲೇ ಅವ್ವ ಇಲ್ಲ. ಗಂಡನೂ ಬ್ಯಾಡೇನ್ರಿ?"

"ಕಾಂತಾಬಾಯಿಗಿ ಮಗ ಇಲ್ಲ!" ನನ್ನ ದನಿ ಏರಿಬಿಟ್ಟಿತು. ಪೇದೆ ತಿರುಗಿ ನೋಡಿದ. "ಆಕಿಗಿ ಏನು ಹೇಳಲಿ? ಸುಳ್ಳ ಹೆಸರು ಹೇಳಿ ಮಲ್ಗಸಲೇನು?"

ಅವನು ಕೈ ಹಿಂದೆ ತೆಗೆದುಕೊಂಡ. ಗೋಡೆಯ ಕಡೆ ಮುಖ ಮಾಡಿ ಕುಳಿತ. ಹತ್ತು ನಿಮಿಷ ಕರೆದೆ. ಬೈದೆ. ಕೊನೆಗೆ ಬೇಡಿಕೊಂಡೆ. ಅವನು ತಿರುಗಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಕಟ್ಟೆಯ ಮೇಲೆ ರುಖ್ಸಾರ ಕುಳಿತಿದ್ದಳು. ಬುರ್ಖಾದ ಅಂಚಿಗೆ ಬಸ್ಸಿನ ಧೂಳು, ಕೈಯಲ್ಲಿ ಚೀಲವೂ ಇಲ್ಲ. ಇವಳನ್ನು ಲಂಗ ಉಟ್ಟ ಕಾಲದಿಂದ ಬಲ್ಲೆ. ಅಪ್ಪನ ಗ್ಯಾರೇಜಿನಲ್ಲಿ ಶಾಲೆ ಬಿಟ್ಟ ಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದು ಕುಳಿತವಳು, ಹದಿನಾರಕ್ಕೆ ಒಬ್ಬಳೇ ಗೇರ್ ಬಾಕ್ಸ್ ಇಳಿಸಿದವಳು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ.

"ಅಬ್ಬಾ ಮಾಡಿಲ್ರಿ ಕಾಕಾ."

"ಗೊತ್ತದವ್ವಾ."

"ಗಾಡಿ ನಮ್ಮ ಅಂಗಡಿಗಿ ಬಂದಿತ್ತು. ಶುಕ್ರವಾರ."

ಬಂತಲ್ಲಪ್ಪಾ ಎಂದುಕೊಂಡೆ. ಅಪ್ಪನನ್ನು ಬಿಡಿಸಲು ಬಂದ ಈ ಹುಡುಗಿ, ತನಗರಿವಿಲ್ಲದೆ ಗಂಡನ ಕುತ್ತಿಗೆಗೆ ಹಗ್ಗ ತಂದಿದ್ದಾಳೆ. ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

"ರುಖ್ಸಾರ, ನೀ ಈಗ ಹೇಳೂದು ಯಾರಿಗಿ ಹತ್ತತದ ಅಂಬೂದು ಗೊತ್ತದೇನು?"

"ಗೊತ್ತದ್ರಿ. ಅದಕ್ಕೇ ಬಂದೀನಿ."

ಅವಳು ನೆಲ ನೋಡುತ್ತ ಹೇಳತೊಡಗಿದಳು. ಸೀಟಿಯ ಸದ್ದು ಎಂದು ಡಾಕ್ಟರು ಗಾಡಿ ತಂದರು. ಮುಸ್ತಕೀಮ ಫಿಲ್ಟರ್ ಕಡೆಯ ಪೈಪು ಬಿಚ್ಚಿ, ಹಳೆ ಕ್ಲ್ಯಾಂಪ್ ಸವೆದಿದೆ, ಗಾಳಿ ಅಲ್ಲಿಂದ ಎಳೆಯುತ್ತಿದೆ ಎಂದ. ಅಷ್ಟರಲ್ಲಿ ಜುಮ್ಮಾದ ಅಜಾನ್ ಆಯಿತು. "ಅರ್ಧ ಗಂಟೆ ಕೂಡ್ರಿ ಡಾಕ್ಟರ್ ಸಾಬ್, ನಮಾಜ್ ಮುಗಿಸಿ ಬಂದು ಹೊಸಾದು ಹಾಕ್ತೇನಿ" ಎಂದು ಕೈ ತೊಳೆದುಕೊಂಡು ಹೋದ. ರುಖ್ಸಾರ ಊಟದ ಡಬ್ಬಿ ತಂದು ಅಂಗಡಿಯಲ್ಲೇ ಕುಳಿತಿದ್ದಳು.

"ಡಾಕ್ಟರ್ ಸಾಬ್‌ಗ ಫೋನ್ ಮ್ಯಾಲ ಫೋನ್. ಔರಾದ ಕಡಿ ಯಾವದೋ ಊರಾಗ ಎಮ್ಮಿ ಈಯಲತ್ತಿತ್ತು, ಕರುವಿನ ಕಾಲು ಹೊರಗ ಬಂದು ಸಿಕ್ಕೊಂಡಿತ್ತಂತ. ಆ ಹೆಣ್ಣಮಗಳು ಫೋನಿನ್ಯಾಗ ಅಳಲತ್ತಿದ್ದಳು, ನನಗೂ ಕೇಳಸ್ತು. ಅವರು ನನ್ನ ಕಡಿ ನೋಡಿ, ನೀವು ಉಸ್ತಾದರ ಮಗಳಲ್ಲ, ನಿಮಗ ಬರ್ತದಲ್ಲ, ಜರಾ ಮುಚ್ಚಿ ಕೊಡ್ರಿ ಅಂದ್ರು."

ನಾನು ಅವಳ ಪಕ್ಕ ಕಟ್ಟೆಯ ಮೇಲೆ ಕುಳಿತೆ.

"ಎಂಟು ತಿಂಗಳಾಗಿತ್ರಿ ಕಾಕಾ ಪಾನಾ ಮುಟ್ಟಿ. ಅಂಗಡಿಗಿ ಗಿರಾಕಿ ಬರ್ತಾರ, ಹೆಂಗಸರು ಕೈ ಹಾಕಿದ್ರ ಚಂದ ಕಾಣೂದಿಲ್ಲ ಅಂತಿದ್ರು ಅವರು. ಡಾಕ್ಟರ್ ಸಾಬ್ ಹಂಗ ಅಂದಾಗ ನನಗ ಖುಷಿ ಆಯ್ತು. ಖುಷಿ ಆಯ್ತು ಕಾಕಾ. ಹೊಸ ಕ್ಲ್ಯಾಂಪ್ ತಗೊಂಡೆ. ಮುಚ್ಚೂಕಿಂತ ಮೊದಲ ಬಾಲ ನೋಡಿದೆ. ಪೈಪಿನ ಸುತ್ತ ಎಲ್ಲಾ ನೋಡಿದೆ. ಕೆಂಪು ನೂಲು ಇದ್ದಿಲ್ಲ. ಬಾಲ ಇಲ್ಲ ಅಂದ್ರ ಚಿಂದಿ ಇಲ್ಲ. ಕೈ ಹಾಕಿ ನೋಡಲಿಲ್ಲ. ಅಬ್ಬಾನ ಹತ್ರ ಇಷ್ಟು ವರ್ಷ ಎಂದೂ ಕೈ ಹಾಕಿ ನೋಡಿಲ್ಲ ನಾ. ಬಾಲ ನೋಡ್ತಿದ್ದೆ, ಮುಚ್ತಿದ್ದೆ."

"ಮುಸ್ತಕೀಮ ಬಾಲ ಕಟ್ಟೂದಿಲ್ಲೇನು?"

"ಮುದುಕರ ಆಟ ಅಂತ ನಗ್ತಾರ್ರಿ. ಹರಕ ಲುಂಗಿ ಹರದು ಹಂಗೇ ತುರುಕ್ತಾರ. ತಾವು ತುರುಕಿದ್ದು ತಾವೇ ತಗೀತಾರ, ಅವರಿಗಿ ನೆನಪಿರ್ತದ. ನನಗ ಇದು ಆಮ್ಯಾಲ ತಿಳೀತು."

ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಬೆರಳು ಹಾಕಿ ನೋಡುತ್ತಿದ್ದ. ಏನೂ ಬಾರದವನಾಗಿದ್ದರೆ ಮುಚ್ಚುವ ಗೋಜಿಗೇ ಹೋಗುತ್ತಿರಲಿಲ್ಲ. ಯಾರೂ ಸಾಯಬಾರದೆಂದು ಅಪ್ಪ ಕಲಿಸಿದ ಎಚ್ಚರವನ್ನು ಅಕ್ಷರಶಃ ಪಾಲಿಸಿದ ಮಗಳ ಕೈಯಲ್ಲಿ ಒಬ್ಬ ಸತ್ತಿದ್ದ. ನನಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕೆನಿಸಿತು. ಹುಡುಕಿದೆ. ಯಾರೂ ಸಿಗಲಿಲ್ಲ. ಕಾಂತಾಬಾಯಿಗೆ ಬೇಕಾದ ಒಂದು ಹೆಸರು ಈಗ ನನ್ನ ಬಳಿ ಇತ್ತು, ಅದನ್ನು ಹೇಳುವ ನಾಲಿಗೆ ಇರಲಿಲ್ಲ.

"ಇದು ಮುಸ್ತಕೀಮಗ ಗೊತ್ತದೇನು?"

"ಅಪಘಾತದ ಸುದ್ದಿ ಬಂದ ಕೂಡ್ಲೇ ಹೇಳಿದೆ. ನನ್ನ ಎರಡೂ ಕೈ ಹಿಡಕೊಂಡು, ಈ ಮಾತು ಈ ಮನಿ ದಾಟಬಾರ್ದು ಅಂದ್ರು. ಅಬ್ಬಾನ ಹಿಡಕೊಂಡು ಹೋದ ಮ್ಯಾಲೂ ಹಂಗೇ ಅಂದ್ರು. ಒಂದಿನಾನೂ ಸರಿ ಊಟ ಮಾಡಿಲ್ಲ ಅವರು. ಇವತ್ತ ಅವರು ಅಂಗಡಿಗಿ ಹೋದಾಗ, ನಿಮ್ಮ ಹತ್ರ ಹೊಂಟೀನಿ, ಎಲ್ಲಾ ಹೇಳ್ತೇನಿ ಅಂತ ಚೀಟಿ ಬರದಿಟ್ಟು ಬಸ್ ಹತ್ತೀನಿ. ನಾಳಿ ಕೋರ್ಟಿನಾಗ ನಾನೇ ಹೇಳ್ತೇನಿ. ಅಬ್ಬಾನ ಬಿಡ್ತಾರಲ್ರಿ?"

ಅಪ್ಪ ಅಳಿಯನನ್ನು ಕಾಪಾಡುತ್ತಿದ್ದಾನೆ, ಅಳಿಯ ಹೆಂಡತಿಯನ್ನು. ಅಪ್ಪನಿಗೆ ಮಗಳ ಸಂಗತಿ ಗೊತ್ತೇ ಇಲ್ಲ.

"ಬಿಡ್ತಾರ. ಇದು ಕೈತಪ್ಪು, ಕೊಲಿ ಅಲ್ಲ. ನೀ ಇದ್ದದ್ದು ಇದ್ದಂಗ ಹೇಳು, ನಾ ಗಾಡಿಯಾಗ ಕಂಡದ್ದು ಬರೀತೇನಿ. ಹೊಸ ಕ್ಲ್ಯಾಂಪ್, ಬಾಲ ಇಲ್ಲದ ಚಿಂದಿ, ಎಲ್ಲಾ ನಿನ್ನ ಮಾತಿಗಿ ಕೂಡ್ತದ. ಶಿಕ್ಷಿ ಆದ್ರೂ ಸಣ್ಣದಾಗ್ತದ."

ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮಾತನ್ನು ನಾನೇ ನಂಬಿದೆ. ಕನ್ನಡಕ ಹಾಕಿಕೊಂಡು ಕಾಗದ ಎಳೆದುಕೊಂಡೆ. ಮೇಲೆ ತಾರೀಖು ಬರೆದೆ. ಫೋನು ಬಡಿಯಿತು. ಅಮಿತಕುಮಾರ. ನನ್ನ ಕಿವಿ ಮಂದ, ಫೋನಿನ ದನಿ ಯಾವಾಗಲೂ ಜೋರು. ಅವಳಿಗೂ ಕೇಳುತ್ತಿತ್ತು.

"ಸರ್, ಕೇಸ್ ಮುಗೀತು! ಅಳಿಯ ಸಿಕ್ಕಾನ."

"ಯಾರು?"

"ಮುಸ್ತಕೀಮ. ತಾಸಿನ ಹಿಂದ ಭಾಲ್ಕಿ ಠಾಣೆಗಿ ತಾನೇ ನಡಕೋತ ಬಂದಾನ. ಚಿಂದಿ ಹಾಕಿದವ ನಾನೇ, ಮುಚ್ಚಿದವನೂ ನಾನೇ, ಅಂಗಡಿಯಾಗ ಬ್ಯಾರೆ ಯಾರೂ ಇದ್ದಿಲ್ಲ ಅಂತ ಬರದು ಕೊಟ್ಟಾನ. ಮರತಿಯೇನು, ಬೇಕಂತ ಮಾಡಿಯೇನು ಅಂತ ಕೇಳಿದ್ರ, ನಿಮಗ ಹ್ಯಾಂಗ ಬೇಕೋ ಹಂಗ ಬರ್ಕೊಳ್ರಿ ಅಂದಾನ."

ರುಖ್ಸಾರ ಎದ್ದು ನಿಂತಳು.

"ಮರತಾನಪ್ಪಾ" ಎಂದೆ. "ಅದು ಮರೆವೇ, ಅಮಿತಕುಮಾರ. ನಾ ವರದಿ ಬರೀಲತ್ತೀನಿ, ತಡಿ."

"ನೀವೇ ಹೇಳೀರಲ್ಲ ಸರ್, ಮರತಿದ್ದಲ್ಲ, ಶುಕ್ರವಾರ ತುರುಕಿದ್ದು ಅಂತ. ಡೈರಿಯಾಗ ಬರ್ಕೊಂಡೀನಿ. ಈಗ ಎಲ್ಲಾ ಕೂಡಿ ಬರ್ತದ. ಮಂಗಳವಾರ ಜಗಳ. ಶುಕ್ರವಾರ ಮಾವ ಫೋನಿನ್ಯಾಗ ಡಾಕ್ಟರಗ ಅಳಿಯನ ಅಂಗಡಿಗಿ ಕಳಸ್ಯಾನ, ಅಳಿಯ ಕೆಲಸ ಮುಗಿಸ್ಯಾನ. ಇಬ್ಬರ ಮ್ಯಾಲೂ ಕೊಲಿ ಕಲಂ ಹಚ್ಚಲತ್ತೀನಿ. ನಾಳಿ ಇಬ್ರನ್ನೂ ಕೋರ್ಟಿಗಿ ಒಯ್ತೇವಿ."

ಲಾಲ ಅಹ್ಮದನನ್ನು ಬಿಡಿಸಲೆಂದು ಆಡಿದ ಮಾತು ಅದು. ಈಗ ಅದೇ ಇಬ್ಬರನ್ನು ಕಟ್ಟಿಹಾಕುತ್ತಿತ್ತು.

"ತಪ್ಪು ತಿಳ್ಕೊಂಡೀರಿ. ಅವನ ಹೆಂಡತಿ..."

"ಹಾಂ ಸರ್, ಆಕಿನೇ! ಅದನ್ನೇ ಹೇಳಾವ ಇದ್ದೆ." ಅವನ ದನಿಯಲ್ಲಿ ಕೆಲಸ ಮುಗಿದವನ ಸಮಾಧಾನವಿತ್ತು. "ಆಕಿ ನಿಮ್ಮ ಹತ್ರ ಬಂದ್ರೂ ಬರಬಹುದು. ನಾನೇ ಮಾಡೀನಿ, ನಾನೇ ಮುಚ್ಚೀನಿ ಅಂತ ಕಥಿ ಹೇಳ್ತಾಳಂತ. ಗಂಡ ಮೊದಲೇ ಹೇಳಿ ಬರಸ್ಯಾನ. ತಂದಿಗಿ ಹಿಡದಾಗಿಂದ ಆಕಿ ತಲಿ ಸರಿ ಇಲ್ಲ, ಏನು ಹೇಳಿದ್ರೂ ನಂಬಬ್ಯಾಡ್ರಿ ಅಂತ. ಕೈ ಮುಗದು ಹೇಳ್ಯಾನ ಸರ್, ಅಳ್ಕೋತ. ನಮ್ಮವರೆಲ್ಲಾ ನೋಡ್ಯಾರ."

ರುಖ್ಸಾರ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಸಾಹೇಬ್ರಾ, ನಾ ರುಖ್ಸಾರ ಮಾತಾಡ್ತೇನಿ. ಆ ಪೈಪು ಮುಚ್ಚಿದಾಕಿ ನಾನು. ಅವರು ನಮಾಜಿಗಿ ಹೋಗಿದ್ರು. ನಾನೇ ಮುಚ್ಚೀನಿ."

ಅಮಿತಕುಮಾರ ಮೆಲ್ಲಗೆ, ಕಾಯಿಲೆಯವರೊಡನೆ ಮಾತಾಡುವ ದನಿಯಲ್ಲಿ ಅಂದ:

"ಆಯ್ತು ತಂಗಿ. ಸಮಾಧಾನ ಮಾಡ್ಕೋ. ಫೋನ್ ಸರ್‌ಗ ಕೊಡು."